ತುಂಬಾ, ಚೆನ್ನಾಗಿ, ಜಾಸ್ತಿ: ಇಂಗ್ಲಿಷ್ ಅಡ್ವರ್ಬ್ ಬಳಸುವ ಹಂತಹಂತದ ಮಾರ್ಗದರ್ಶಿ

ಆಗುಂಬೆಯಲ್ಲಿ ತುಂಬಾ ಮಳೆ. ಮಳೆ ಅಂತ ಗೊತ್ತಿದ್ದೂ ತುಂಬಾ ಜನ ಬರ್ತಾರೆ. ಬೆಳಿಗ್ಗೆ ಹೊತ್ತು ತುಂಬಾ ಚಳಿ. ನಂಗೆ ಆ ಊರು ತುಂಬಾ ಇಷ್ಟ.

ಈ ನಾಲ್ಕು ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ನಾಲ್ಕೂ ಕಡೆ ಒಂದೇ 'ತುಂಬಾ'. ಇಂಗ್ಲಿಷಿನಲ್ಲಿ ಮಳೆಗೆ 'ಎ ಲಾಟ್ ಆಫ್' ಬೇಕು. ಜನಕ್ಕೆ 'ಮೆನಿ' ಬೇಕು. ಚಳಿಗೆ 'ವೆರಿ' ಸಾಕು. ಇಷ್ಟಕ್ಕೆ 'ರಿಯಲಿ' ಹಾಕಬೇಕು, ಇಲ್ಲವೇ ವಾಕ್ಯದ ಕೊನೆಗೆ 'ವೆರಿ ಮಚ್'. ಎಲ್ಲಕ್ಕೂ 'ವೆರಿ' ಹಾಕಿದರೆ 'ವೆರಿ ರೇನ್', 'ಐ ವೆರಿ ಲೈಕ್' ಅಂತ ಆಗಿಬಿಡುತ್ತದೆ.

ಶಾಲೆಯ ವ್ಯಾಕರಣ ಅಡ್ವರ್ಬ್ (ಕ್ರಿಯಾವಿಶೇಷಣ) ಪಾಠವನ್ನು ಶುರು ಮಾಡುವುದೇ ವಿಧಗಳಿಂದ: ರೀತಿ, ಸ್ಥಳ, ಕಾಲ, ಪ್ರಮಾಣ ಅಂತ. ಪರೀಕ್ಷೆಗೆ ಅದು ಸರಿ. ಮಾತಾಡುವಾಗ, ಬರೆಯುವಾಗ ಆ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ. ಪಿಯುಸಿ ಓದುವ ಹುಡುಗಿಗಾಗಲಿ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರಿಗಾಗಲಿ, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟವರಿಗಾಗಲಿ ನಾನು ಹೇಳುವ ಪ್ರಶ್ನೆ ಒಂದೇ: ಈ ಪದ ವಾಕ್ಯದಲ್ಲಿ ಯಾವ ಪದಕ್ಕೆ ಅಂಟಿಕೊಂಡಿದೆ? ಮುಂದಿನದೆಲ್ಲ ಈ ಪ್ರಶ್ನೆಯ ಮೇಲೆಯೇ ನಿಂತಿದೆ.

ಹಂತ 1: ಯಾವುದಕ್ಕೆ ಅಂಟಿದೆ, ಪತ್ತೆ ಮಾಡಿ

ಕೊಡಚಾದ್ರಿಗೆ ಜೀಪಿನಲ್ಲಿ ಹೋದ ಕತೆಯನ್ನೇ ತಗೊಳ್ಳೋಣ. 'ದ ಜೀಪ್ ಕ್ಲೈಂಬ್ಡ್ ಸ್ಲೋಲಿ.' ಇಲ್ಲಿ 'ಸ್ಲೋಲಿ' ಹತ್ತುವ ಕೆಲಸದ ಬಗ್ಗೆ, ಅಂದರೆ ಕ್ರಿಯಾಪದದ ಬಗ್ಗೆ ಹೇಳುತ್ತದೆ. 'ದ ರೋಡ್ ವಾಸ್ ವೆರಿ ಸ್ಟೀಪ್.' ಇಲ್ಲಿ 'ವೆರಿ' ಅಂಟಿರುವುದು 'ಸ್ಟೀಪ್' ಅನ್ನುವ ಗುಣವಾಚಕಕ್ಕೆ, ಅಂದರೆ ಅಡ್ಜೆಕ್ಟಿವ್‌ಗೆ. 'ದ ಡ್ರೈವರ್ ಡ್ರೋವ್ ವೆರಿ ಕೇರ್‌ಫುಲಿ' ಅಂದಾಗ 'ವೆರಿ' ಇನ್ನೊಂದು ಅಡ್ವರ್ಬ್ ಮೇಲೆ ಕೂತಿದೆ. ಕೊನೆಯದು ಇಡೀ ವಾಕ್ಯಕ್ಕೇ ಅಂಟುವಂಥದ್ದು: 'ಲಕ್ಕಿಲಿ, ದ ರೇನ್ ಸ್ಟಾಪ್ಡ್.' ನಾವು 'ಪುಣ್ಯಕ್ಕೆ ಮಳೆ ನಿಂತಿತು' ಅಂತೀವಲ್ಲ, ಆ 'ಪುಣ್ಯಕ್ಕೆ' ಇದೇ. ಹೀಗೆ ವಾಕ್ಯದ ತಲೆಯಲ್ಲಿ ಬಂದರೆ ಅದರ ನಂತರ ಒಂದು ಅಲ್ಪವಿರಾಮ ಹಾಕಿ.

'ವೆರಿ', 'ಸೋ', 'ಟೂ', 'ಎಕ್ಸ್‌ಟ್ರೀಮ್ಲಿ' ತರಹದ ಪದಗಳಿಗೆ ಇಂಟೆನ್ಸಿಫೈಯರ್ ಅಂತ ಹೆಸರು. ಇನ್ನೊಂದು ಪದದ ಖಾರವನ್ನು ಏರಿಸುವುದೇ ಇವುಗಳ ಕೆಲಸ. ಇವಕ್ಕೆ ಒಬ್ಬೊಬ್ಬ ಜೊತೆಗಾರ ಗೊತ್ತಾಗಿಬಿಟ್ಟಿರುತ್ತಾನೆ. ಬೇರೆಯವರ ಪಕ್ಕ ಕೂರುವುದಿಲ್ಲ. 'ವೆರಿ'ಗೆ ಅಡ್ಜೆಕ್ಟಿವ್, ಅಡ್ವರ್ಬ್ ಎರಡೂ ಆಗುತ್ತವೆ, ಕ್ರಿಯಾಪದ ಮಾತ್ರ ಆಗುವುದಿಲ್ಲ. 'ಐ ವೆರಿ ಲೈಕ್ ತಂಬುಳಿ' ತಪ್ಪಾಗುವುದು ಅದಕ್ಕೇ. 'ಐ ರಿಯಲಿ ಲೈಕ್ ತಂಬುಳಿ' ಅನ್ನಿ, ಅಥವಾ 'ಐ ಲೈಕ್ ತಂಬುಳಿ ವೆರಿ ಮಚ್' ಅನ್ನಿ. 'ವೆರಿ ಮಚ್' ಅನ್ನು ತಂದು ಅಡ್ಜೆಕ್ಟಿವ್ ಮುಂದೆ ಇಡುವುದೂ ಬೇಡ. 'ವೆರಿ ಮಚ್ ಕೋಲ್ಡ್' ಅಲ್ಲ, 'ವೆರಿ ಕೋಲ್ಡ್'.

ಹಂತ 2: 'ಆಗಿ' ಕಂಡ ಕೂಡಲೇ 'ಲಿ' ಅಂಟಿಸಬೇಡಿ

ಕನ್ನಡಿಗರು ಜಾಸ್ತಿ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

'ಅವಳು ಚೆನ್ನಾಗಿ ಹಾಡ್ತಾಳೆ.' 'ಕಾಫಿ ಚೆನ್ನಾಗಿದೆ.' ಎರಡರಲ್ಲೂ 'ಚೆನ್ನಾಗಿ' ಇದೆ. ನಮಗೆ ವ್ಯತ್ಯಾಸವೇ ಕಾಣುವುದಿಲ್ಲ. ಇಂಗ್ಲಿಷಿಗೆ ಇವು ಎರಡು ಬೇರೆ ವಿಷಯ. ಮೊದಲನೆಯದು ಹಾಡುವ ರೀತಿ: 'ಶೀ ಸಿಂಗ್ಸ್ ವೆಲ್.' ಎರಡನೆಯದು ಕಾಫಿಯ ಗುಣ: 'ದ ಕಾಫಿ ಈಸ್ ಗುಡ್.' ಕಾಫಿ ಇಲ್ಲಿ ಏನೂ ಕೆಲಸ ಮಾಡುತ್ತಿಲ್ಲ. ಸುಮ್ನೆ ಲೋಟದಲ್ಲಿ ಇದೆ, ಅಷ್ಟೇ.

ಹಾಗೆಯೇ 'ತೋಟ ಸುಂದರವಾಗಿ ಕಾಣ್ತಿದೆ' ಅನ್ನುವುದು 'ದ ಗಾರ್ಡನ್ ಲುಕ್ಸ್ ಬ್ಯೂಟಿಫುಲ್' ಆಗುತ್ತದೆ, 'ಬ್ಯೂಟಿಫುಲಿ' ಅಲ್ಲ. 'ಲುಕ್', 'ಸ್ಮೆಲ್', 'ಟೇಸ್ಟ್', 'ಫೀಲ್', 'ಸೌಂಡ್', 'ಸೀಮ್', 'ಬಿಕಮ್' ಈ ಗುಂಪಿನವು. ಇವುಗಳ ನಂತರ ಗುಣ ಬರುತ್ತದೆ, ರೀತಿ ಅಲ್ಲ. ಅನುಮಾನ ಬಂದರೆ ಆ ಕ್ರಿಯಾಪದ ತೆಗೆದು ಅಲ್ಲಿ 'ಈಸ್' ಹಾಕಿ ನೋಡಿ. 'ದ ಗಾರ್ಡನ್ ಈಸ್ ಬ್ಯೂಟಿಫುಲ್' ಸರಿ ಕೇಳಿಸಿತು ಅಂದರೆ 'ಲಿ' ಬೇಡ.

ಒಂದೇ ಪದ ಎರಡೂ ಕಡೆ ಬರುವುದುಂಟು. 'ಶೀ ಲುಕ್ಡ್ ಆಂಗ್ರಿ' ಅಂದರೆ ಅವಳ ಮುಖ ಕೋಪದಲ್ಲಿತ್ತು. 'ಶೀ ಲುಕ್ಡ್ ಆಂಗ್ರಿಲಿ ಅಟ್ ದ ಕಂಡಕ್ಟರ್' ಅಂದರೆ ಅವಳು ಕಂಡಕ್ಟರನ್ನು ಕೋಪದಿಂದ ನೋಡಿದಳು. ಎರಡನೆಯದರಲ್ಲಿ ನೋಡುವ ಕೆಲಸ ನಡೆದಿದೆ, ಆದ್ದರಿಂದ 'ಲಿ' ಬಂತು. 'ಈಸ್' ಪರೀಕ್ಷೆ ಇಲ್ಲಿ ಸೋಲುತ್ತದೆ, ಹಾಕಿ ನೋಡಿ.

'ಲಿ' ಸೇರಿಸುವ ಸ್ಪೆಲಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 'ಹ್ಯಾಪಿ'ಯ ಕೊನೆಯ 'ವೈ' ಹೋಗಿ 'ಐ' ಬರುತ್ತದೆ. 'ಟ್ರೂ'ವಿನ ಕೊನೆಯ 'ಇ' ಬಿದ್ದುಹೋಗುತ್ತದೆ. 'ಬೇಸಿಕ್'ನಂತೆ 'ಐಸಿ'ಯಲ್ಲಿ ಮುಗಿಯುವವಕ್ಕೆ 'ಎ-ಎಲ್-ಎಲ್-ವೈ' ಹತ್ತುತ್ತದೆ. 'ಪಬ್ಲಿಕ್' ಮಾತ್ರ ಹಠಮಾರಿ, 'ಪಬ್ಲಿಕ್ಲಿ' ಅಂತ ನೇರವಾಗಿ ಬರೆಯಬೇಕು.

'ಲಿ' ಇದ್ದದ್ದೆಲ್ಲ ಅಡ್ವರ್ಬ್ ಅಲ್ಲ ಅನ್ನುವುದು ನೆನಪಿರಲಿ. 'ಫ್ರೆಂಡ್ಲಿ', 'ಲವ್ಲಿ', 'ಲೋನ್ಲಿ', 'ಎಲ್ಡರ್ಲಿ' ಇವೆಲ್ಲ ಅಡ್ಜೆಕ್ಟಿವ್‌ಗಳು. 'ಹೀ ಸ್ಪೋಕ್ ಫ್ರೆಂಡ್ಲಿ' ಆಗುವುದಿಲ್ಲ, 'ಹೀ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ' ಅನ್ನಬೇಕು. ಇದರ ತಿರುಗಾಮುರುಗಾ ಕೂಡ ಇದೆ. 'ಫಾಸ್ಟ್', 'ಹಾರ್ಡ್', 'ಲೇಟ್', 'ಅರ್ಲಿ' ಹಾಗೇ ಅಡ್ವರ್ಬ್ ಆಗಿಯೂ ನಡೆಯುತ್ತವೆ. ಘಾಟಿ ರಸ್ತೆಯ 'ಗೋ ಸ್ಲೋ' ಬೋರ್ಡ್ ನೋಡಿ 'ತಪ್ಪು ಬರೆದಿದ್ದಾರೆ' ಅಂತ ನಗುವವರಿದ್ದಾರೆ. ಬೋರ್ಡಿನದು ತಪ್ಪಲ್ಲ. 'ಸ್ಲೋ' ಕೂಡ 'ಲಿ' ಇಲ್ಲದೆ ಅಡ್ವರ್ಬ್ ಆಗುವ ಪದ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅದನ್ನು ಓದಿ ಪಾಲಿಸಿದರೆ ಸಾಕು.

'ಹಾರ್ಡ್'ಗೆ 'ಲಿ' ಹತ್ತಿಸಿದರೆ ಅರ್ಥವೇ ಮಗುಚಿಕೊಳ್ಳುತ್ತದೆ. 'ಹೀ ವರ್ಕ್ಸ್ ಹಾರ್ಡ್' ಅಂದರೆ ಮೈಮುರಿದು ದುಡಿಯುತ್ತಾನೆ. 'ಹೀ ಹಾರ್ಡ್ಲಿ ವರ್ಕ್ಸ್' ಅಂದರೆ ಕೆಲಸ ಮಾಡುವುದೇ ಇಲ್ಲ ಅನ್ನಬಹುದು. ಯಾರಿಗಾದರೂ ಶಿಫಾರಸು ಪತ್ರ ಬರೆಯುವಾಗ ಇದೊಂದು 'ಲಿ' ಕೆಲಸ ಕೆಡಿಸೀತು. 'ಹಾರ್ಡ್ಲಿ'ಯಲ್ಲಿ ಆಗಲೇ 'ಇಲ್ಲ' ಅಡಗಿದೆ, ಆದ್ದರಿಂದ ಅದರ ಜೊತೆ 'ನಾಟ್' ಬೇಡ. 'ಲೇಟ್' ಅಂದರೆ ತಡವಾಗಿ, 'ಲೇಟ್ಲಿ' ಅಂದರೆ ಇತ್ತೀಚೆಗೆ. 'ನಿಯರ್' ಅಂದರೆ ಹತ್ತಿರ, 'ನಿಯರ್ಲಿ' ಅಂದರೆ ಹೆಚ್ಚುಕಮ್ಮಿ.

ಹಂತ 3: ಎಲ್ಲಿ ಕೂರಿಸಬೇಕು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಡ್ವರ್ಬ್ ಅದಕ್ಕಿಂತ ಮೊದಲು ಆರಾಮಾಗಿ ಕೂರುತ್ತದೆ. 'ಅವನು ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾನೆ.' ಇಂಗ್ಲಿಷಿನಲ್ಲಿ ಕ್ರಿಯಾಪದ ಮತ್ತು ಅದರ ಕರ್ಮ ಬಿಟ್ಟಿರಲಾರದ ಜೋಡಿ. ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. 'ಹೀ ಸ್ಪೀಕ್ಸ್ ವೆಲ್ ಇಂಗ್ಲಿಷ್' ಅಲ್ಲ, 'ಹೀ ಸ್ಪೀಕ್ಸ್ ಇಂಗ್ಲಿಷ್ ವೆಲ್'.

'ಆಲ್ವೇಸ್', 'ಆಫನ್', 'ಯೂಶುವಲಿ', 'ನೆವರ್' ಇವಕ್ಕೆ ಬೇರೆ ಲೆಕ್ಕ. ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ: 'ದ ಬಸ್ ಆಲ್ವೇಸ್ ಕಮ್ಸ್ ಲೇಟ್.' ಆದರೆ 'ಈಸ್', 'ಆರ್', 'ವಾಸ್' ಇದ್ದರೆ ಅದರ ನಂತರ: 'ದ ಬಸ್ ಈಸ್ ಆಲ್ವೇಸ್ ಲೇಟ್.' ಸಹಾಯಕ ಕ್ರಿಯಾಪದಗಳು ಒಂದಕ್ಕಿಂತ ಹೆಚ್ಚು ಇದ್ದರೆ ಮೊದಲನೆಯದರ ನಂತರ: 'ದ ರೋಡ್ ಹ್ಯಾಸ್ ಆಫನ್ ಬೀನ್ ಕ್ಲೋಸ್ಡ್.' 'ದ ಸಿಟಿ ವಾಸ್ ಆಫಿಶಿಯಲಿ ರೀನೇಮ್ಡ್ ಶಿವಮೊಗ್ಗ ಇನ್ 2014' ಅನ್ನುವಲ್ಲೂ 'ಆಫಿಶಿಯಲಿ' ನಡುವೆ ಕೂತಿದ್ದು ಇದೇ ಲೆಕ್ಕದಲ್ಲಿ.

ವಾಕ್ಯದ ಕೊನೆಯಲ್ಲಿ ಎರಡು ಮೂರು ಒಟ್ಟಿಗೆ ಬಂದರೆ ಮೊದಲು ರೀತಿ, ಆಮೇಲೆ ಜಾಗ, ಆಮೇಲೆ ಹೊತ್ತು. 'ದೇ ವರ್ಕ್ಡ್ ಕ್ವಯಟ್ಲಿ ಇನ್ ದ ಗಾರ್ಡನ್ ಯೆಸ್ಟರ್ಡೇ.' ಕನ್ನಡದಲ್ಲಿ ಸಾಮಾನ್ಯವಾಗಿ ಇದು ಪೂರ್ತಿ ಉಲ್ಟಾ: 'ನಿನ್ನೆ ತೋಟದಲ್ಲಿ ಸದ್ದಿಲ್ಲದೆ ಕೆಲಸ ಮಾಡಿದರು.'

ಹಂತ 4: ಇಂಟೆನ್ಸಿಫೈಯರ್ ಆರಿಸುವುದು

ಮೊದಲು 'ಟೂ'. ನಮ್ಮಲ್ಲಿ 'ಟೂ ಗುಡ್', 'ಟೂ ಟೇಸ್ಟಿ' ಅಂದರೆ ಹೊಗಳಿಕೆ. ಹೊರಗಿನ ಇಂಗ್ಲಿಷಿನಲ್ಲಿ 'ಟೂ' ಬಂತು ಅಂದರೆ ಸಾಮಾನ್ಯವಾಗಿ ದೂರು. ಒಂದು ಸುಲಭ ಪರೀಕ್ಷೆ ಇದೆ. ಕನ್ನಡದಲ್ಲಿ 'ಜಾಸ್ತಿ ಆಯ್ತು' ಅನ್ನಬಹುದಾ ಕೇಳಿಕೊಳ್ಳಿ. 'ಸಾರು ತುಂಬಾ ಖಾರವಾಗಿದೆ, ಮಜಾ ಇದೆ' ಅನ್ನುವವರು 'ವೆರಿ ಸ್ಪೈಸಿ' ಅನ್ನಬೇಕು. 'ಖಾರ ಜಾಸ್ತಿ ಆಯ್ತು, ನೀರು ಕೊಡಿ' ಅನ್ನುವವರು 'ಟೂ ಸ್ಪೈಸಿ' ಅನ್ನಬೇಕು. ಮಿಡಿ ಉಪ್ಪಿನಕಾಯಿ ತಿಂದ ಅತಿಥಿ 'ಟೂ ಸಾಲ್ಟಿ' ಅಂದರೆ ಖುಷಿಪಡಬೇಡಿ.

'ಟೂ ಮಚ್' ಬೇಕಾಗುವುದು ನಾಮಪದಕ್ಕೆ. 'ಟೂ ಮಚ್ ಸಾಲ್ಟ್', 'ಟೂ ಮಚ್ ರೇನ್'. ಎಣಿಸುವಂಥದ್ದಾದರೆ 'ಟೂ ಮೆನಿ'. ಮಳೆಗಾಲದ ಕಾಡಿನಲ್ಲಿ ಕಾಲಿಗೆ ಉಂಬಳ ಹತ್ತಿದವರು 'ಟೂ ಮೆನಿ ಲೀಚಸ್' ಅನ್ನಬಹುದು. ಅಡ್ಜೆಕ್ಟಿವ್‌ಗೆ ಬರೀ 'ಟೂ'. 'ಟೂ ಮಚ್ ಕೋಲ್ಡ್' ಅನ್ನುವುದು ನಮ್ಮೂರಿನ ಮಾತು, ಇಂಗ್ಲಿಷಿನದಲ್ಲ.

'ಟೂ' ಜೊತೆ 'ಟು' ಬಂದರೆ 'ಆಗುವುದಿಲ್ಲ' ಅನ್ನುವ ಅರ್ಥ ತಾನಾಗೇ ಬರುತ್ತದೆ. 'ದ ವಾಟರ್ ಈಸ್ ಟೂ ಡೀಪ್ ಟು ಸ್ವಿಮ್ ಇನ್' ಅಂದರೆ ಈಜಲು ಆಗದಷ್ಟು ಆಳ. 'ನಾಟ್' ಎಲ್ಲೂ ಇಲ್ಲ, ಆದರೂ 'ಇಳಿಯಬೇಡಿ' ಅಂತಲೇ ಅರ್ಥ. ಹೊಳೆ ಪಕ್ಕದ ಮನೆಯವರು ಈ ವಾಕ್ಯ ಬಾಯಿಪಾಠ ಮಾಡಿಟ್ಟುಕೊಂಡರೆ ಒಳ್ಳೆಯದು.

ಇದಕ್ಕೆ ಎದುರು 'ಎನಫ್'. 'ಸಾಕಷ್ಟು' ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಬರುತ್ತದೆ. 'ಎನಫ್' ನಾಮಪದಕ್ಕಿಂತ ಮೊದಲು, ಅಡ್ಜೆಕ್ಟಿವ್ ಆದ ನಂತರ: 'ಎನಫ್ ರೈಸ್', 'ಬಿಗ್ ಎನಫ್'. 'ಎನಫ್ ಬಿಗ್ ರೂಮ್' ಅಂತ ಬರೆದಿದ್ದರೆ ತಿರುಗಿಸಿ.

'ಸೋ' ಮತ್ತು 'ಸಚ್' ಅವಳಿ ಇದ್ದಂತೆ ಕಾಣುತ್ತವೆ, ಜೊತೆಗಾರರು ಬೇರೆ. 'ಸೋ' ನಂತರ ಬರೀ ಅಡ್ಜೆಕ್ಟಿವ್ ಅಥವಾ ಅಡ್ವರ್ಬ್. ಕೊನೆಯಲ್ಲಿ ನಾಮಪದ ಇದ್ದರೆ 'ಸಚ್'. 'ಸೋ ಬ್ಯೂಟಿಫುಲ್', 'ಸಚ್ ಎ ಬ್ಯೂಟಿಫುಲ್ ಪ್ಲೇಸ್', 'ಸಚ್ ಹೆವಿ ರೇನ್'. 'ಸೋ ಬ್ಯೂಟಿಫುಲ್ ಪ್ಲೇಸ್' ಅನ್ನುವುದನ್ನು ಫೋಟೋಗಳ ಕೆಳಗೆ ದಿನಾ ಓದುತ್ತೇವೆ, ಅಲ್ವಾ? 'ಸೋ ಮಚ್', 'ಸೋ ಮೆನಿ' ಮಾತ್ರ ನಾಮಪದದ ಜೊತೆಗೂ ಹೋಗುತ್ತವೆ. 'ಎಷ್ಟು ಜೋರು ಮಳೆ ಬಂತು ಅಂದ್ರೆ ರಸ್ತೆನೇ ಬಂದ್ ಆಯ್ತು' ಅನ್ನುವ ನಮ್ಮ 'ಅಂದ್ರೆ'ಗೆ 'ದಟ್' ಇದೆ: 'ಇಟ್ ರೇನ್ಡ್ ಸೋ ಹೆವಿಲಿ ದಟ್ ದ ರೋಡ್ ವಾಸ್ ಕ್ಲೋಸ್ಡ್.'

ಈಗ 'ವೆರಿ' ಎಲ್ಲಿ ಸಲ್ಲುವುದಿಲ್ಲ ನೋಡೋಣ. ಪದದ ಮುಂದೆ 'ಸ್ವಲ್ಪ' ಹಾಕಿ ನೋಡಿ. ಸ್ವಲ್ಪ ಚಳಿ, ಸ್ವಲ್ಪ ದೊಡ್ಡದು, ಸರಿ. ಇವಕ್ಕೆ 'ವೆರಿ' ಸಲ್ಲುತ್ತದೆ. 'ಸ್ವಲ್ಪ ಅಸಾಧ್ಯ', 'ಸ್ವಲ್ಪ ಸತ್ತಿದೆ' ಅನ್ನುವುದಿಲ್ಲವಲ್ಲ. 'ಇಂಪಾಸಿಬಲ್', 'ಡೆಡ್', 'ಪರ್ಫೆಕ್ಟ್' ಇವಕ್ಕೆ 'ವೆರಿ' ಬೇಡ, 'ಅಬ್ಸಲ್ಯೂಟ್ಲಿ' ಅಥವಾ 'ಕಂಪ್ಲೀಟ್ಲಿ' ಹಾಕಿ. ಕೆಲವು ಪದಗಳು ಆಗಲೇ ಏಣಿಯ ಮೇಲ್ಗಡೆ ಮೆಟ್ಟಿಲಲ್ಲಿ ಇರುತ್ತವೆ. 'ಫ್ರೀಝಿಂಗ್', 'ಹ್ಯೂಜ್', 'ಡೆಲಿಶಸ್', 'ಎಕ್ಸಾಸ್ಟೆಡ್' ಇವುಗಳಲ್ಲಿ 'ವೆರಿ' ಒಳಗೇ ಇದೆ. 'ವೆರಿ ಹ್ಯೂಜ್' ಅನ್ನುವುದಕ್ಕಿಂತ 'ಅಬ್ಸಲ್ಯೂಟ್ಲಿ ಹ್ಯೂಜ್' ವಾಸಿ, ಬರೀ 'ಹ್ಯೂಜ್' ಇನ್ನೂ ವಾಸಿ. ಯಾವುದು ಹಾಕಬೇಕು ತಿಳಿಯದಿದ್ದರೆ 'ರಿಯಲಿ' ಹಾಕಿ ಪಾರಾಗಿ. ಅದು ಎರಡೂ ಬಗೆಯವಕ್ಕೆ ಹೊಂದುತ್ತದೆ.

'ವೆರಿ' ಹಳೆಯ ಫ್ರೆಂಚಿನಿಂದ ಬಂದ ಪದ. ಮೊದಲು ಅದರ ಅರ್ಥ 'ನಿಜವಾದ' ಅಂತಲೇ ಇತ್ತು. 'ನಿಜವಾಗ್ಲೂ' ಅನ್ನುವ 'ರಿಯಲಿ' ಈಗ ಅದೇ ದಾರಿ ಹಿಡಿದಿದೆ. 'ಟೆರಿಬಲಿ', 'ಆಫುಲಿ' ಮೊದಲು ಭಯ ಹುಟ್ಟಿಸುವ ಪದಗಳು. ಈಗ 'ಟೆರಿಬಲಿ ನೈಸ್' ಅಂದರೂ ಯಾರೂ ಹೆದರುವುದಿಲ್ಲ. ನಾವೂ 'ಊಟ ಭಯಂಕರ ಚೆನ್ನಾಗಿತ್ತು' ಅಂತೀವಲ್ಲ!

'ಫೇರ್ಲಿ', 'ಪ್ರಿಟಿ', 'ರಾದರ್' ಇವೆಲ್ಲ 'ಸ್ವಲ್ಪ' ಮತ್ತು 'ತುಂಬಾ' ನಡುವಿನವು. ಇಲ್ಲಿ ಎಚ್ಚರ ಬೇಕಾದ್ದು 'ಕ್ವೈಟ್' ಒಂದಕ್ಕೇ. ಬ್ರಿಟನ್ನಿನ ಅತಿಥಿ 'ದ ಫುಡ್ ವಾಸ್ ಕ್ವೈಟ್ ಗುಡ್' ಅಂದರೆ ಅವರ ಮನಸ್ಸಿನಲ್ಲಿ ಹೆಚ್ಚಾಗಿ 'ಪರವಾಗಿಲ್ಲ' ಇರುತ್ತದೆ. ಅಮೆರಿಕದವರು ಅಂದರೆ 'ಚೆನ್ನಾಗಿತ್ತು' ಅಂತಲೇ ತಿಳಿಯಬಹುದು. 'ಕ್ವೈಟ್ ಇಂಪಾಸಿಬಲ್' ತರಹದ ಕಡೆ ಇಬ್ಬರಿಗೂ ಅದು 'ಪೂರ್ತಿ'.

ಹೋಲಿಸುವಾಗ 'ವೆರಿ' ಕೈಕೊಡುತ್ತದೆ. 'ವೆರಿ ಹೈಯರ್' ಇಲ್ಲ. 'ಮಚ್', 'ಫಾರ್', 'ಎ ಲಾಟ್' ಬೇಕು. ಕೊಡಚಾದ್ರಿ 1,343 ಮೀಟರ್, ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. ಹಾಗಾಗಿ 'ಮುಳ್ಳಯ್ಯನಗಿರಿ ಈಸ್ ಮಚ್ ಹೈಯರ್ ದ್ಯಾನ್ ಕೊಡಚಾದ್ರಿ'. ಎಲ್ಲಕ್ಕಿಂತ ಮೇಲಿನದಕ್ಕೆ 'ಬೈ ಫಾರ್': 'ಜುಲೈ ಈಸ್ ಬೈ ಫಾರ್ ದ ವೆಟೆಸ್ಟ್ ಮಂತ್.'

ಹಂತ 5: ಕನ್ನಡದ ಜೋಡಿಪದಗಳನ್ನು ಏನು ಮಾಡುವುದು

ಒತ್ತು ಕೊಡಬೇಕು ಅಂದರೆ ನಾವು ಪದವನ್ನೇ ಎರಡು ಸಲ ಹೇಳುತ್ತೇವೆ. ಬಿಸಿಬಿಸಿ, ಸಣ್ಣಸಣ್ಣ. 'ಹಾಟ್ ಹಾಟ್ ಕಾಫಿ' ನಮಗೆ ಅರ್ಥವಾಗುತ್ತದೆ, ಹೊರಗಿನವರಿಗೆ ತಮಾಷೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಇಂಥ ಕಡೆ ಮೊದಲೇ ಗಂಟು ಹಾಕಿಟ್ಟ ಜೋಡಿಗಳಿವೆ. ಬಿಸಿಬಿಸಿಗೆ 'ಪೈಪಿಂಗ್ ಹಾಟ್', ಕಗ್ಗತ್ತಲೆಗೆ 'ಪಿಚ್ ಡಾರ್ಕ್', ನೆನೆದು ತೊಪ್ಪೆಯಾದರೆ 'ಸೋಕಿಂಗ್ ವೆಟ್', ಗಾಢ ನಿದ್ದೆಯಲ್ಲಿದ್ದರೆ 'ಫಾಸ್ಟ್ ಅಸ್ಲೀಪ್'. ಇವನ್ನು ಲೆಕ್ಕ ಹಾಕಿ ಕಟ್ಟಲಾಗುವುದಿಲ್ಲ, ಕೇಳಿ ಕಲಿಯಬೇಕು. 'ಬಿಟರ್ಲಿ ಕೋಲ್ಡ್' ಇದೆ, 'ಬಿಟರ್ಲಿ ಹಾಟ್' ಇಲ್ಲ.

ನಮ್ಮ ಮೊತ್ತಮೊದಲು, ಕಟ್ಟಕಡೆ, ತುತ್ತತುದಿಗಳಿಗೆ ಮಾತ್ರ 'ವೆರಿ' ಚೆಂದವಾಗಿ ಒಪ್ಪುತ್ತದೆ: 'ದ ವೆರಿ ಫಸ್ಟ್', 'ದ ವೆರಿ ಲಾಸ್ಟ್', 'ದ ವೆರಿ ಟಾಪ್'. ನಟ್ಟನಡುವೆ ಅಂದರೆ 'ರೈಟ್ ಇನ್ ದ ಮಿಡಲ್'.

ಅನುಕರಣ ಪದಗಳು ಇನ್ನೊಂದು ತರಹ. ಮಲೆನಾಡಿನಲ್ಲಿ ಮಳೆ ಜಿಟಿಜಿಟಿ ಹನಿಯುತ್ತದೆ, ಧೋ ಅಂತ ಸುರಿಯುತ್ತದೆ. ಇವಕ್ಕೆ ಅಡ್ವರ್ಬ್ ಹುಡುಕಬೇಡಿ. ಇಂಗ್ಲಿಷ್ ಆ ರೀತಿಯನ್ನೆಲ್ಲ ಕ್ರಿಯಾಪದದ ಒಳಗೇ ತುರುಕಿಬಿಡುತ್ತದೆ. ಜಿಟಿಜಿಟಿ ಮಳೆ 'ಡ್ರಿಝಲ್', ಧೋ ಮಳೆ 'ಪೋರ್', ಪಿಸುಪಿಸು ಮಾತು 'ವಿಸ್ಪರ್', ಗಟಗಟ ಕುಡಿಯುವುದು 'ಗಲ್ಪ್'. 'ಇಟ್ ರೇನ್ಡ್ ವೆರಿ ವೆರಿ ಹೆವಿಲಿ' ಅನ್ನುವ ಬದಲು 'ಇಟ್ ಪೋರ್ಡ್' ಅಂದರೆ ಎರಡೇ ಪದದಲ್ಲಿ ಆಗುಂಬೆ ಬಂತು.

ಕೊನೆಗೆ ನಮ್ಮ 'ಏ'. 'ನಿನ್ನೆಯೇ ಬಂದೆ' ಅನ್ನುವುದನ್ನು 'ಐ ಕೇಮ್ ಯೆಸ್ಟರ್ಡೇ ಓನ್ಲಿ' ಅನ್ನುತ್ತೇವೆ. 'ಓನ್ಲಿ' ಅಂದರೆ 'ಮಾತ್ರ', 'ಏ' ಅಲ್ಲ. ಇಂಥ ಕಡೆ 'ಯೆಸ್ಟರ್ಡೇ' ಪದವನ್ನು ಸ್ವಲ್ಪ ಒತ್ತಿ ಹೇಳಿದರೆ ಸಾಕು. ನಿಜವಾದ 'ಓನ್ಲಿ'ಯ ಜಾಗ ಬದಲಾದರೆ ಅರ್ಥವೂ ಬದಲು. 'ಓನ್ಲಿ ಐ ಏಟ್ ತ್ರೀ ಕಡುಬು' ಅಂದರೆ ಮೂರು ತಿಂದವನು ನಾನೊಬ್ಬನೇ. 'ಐ ಏಟ್ ಓನ್ಲಿ ತ್ರೀ ಕಡುಬು' ಅಂದರೆ ಇನ್ನೂ ಹೊಟ್ಟೆಯಲ್ಲಿ ಜಾಗ ಇದೆ.

ಹಂತ 6: ಒಂದು ಬರಹ ತಿದ್ದಿ ನೋಡೋಣ

ಹೋಂಸ್ಟೇಯ ಪರಿಚಯ ಅಂದುಕೊಳ್ಳಿ. ಬೇಕಂತಲೇ ತಪ್ಪು ತುಂಬಿ ಬರೆದಿದ್ದೇನೆ:

'ಅವರ್ ಹೋಂಸ್ಟೇ ಈಸ್ ಸೋ ಪೀಸ್‌ಫುಲ್ ಪ್ಲೇಸ್. ವೀ ಸರ್ವ್ ಹಾಟ್ ಹಾಟ್ ಕಡುಬು. ದ ಫುಡ್ ಈಸ್ ಟೂ ಟೇಸ್ಟಿ ಅಂಡ್ ಸ್ಮೆಲ್ಸ್ ನೈಸ್ಲಿ. ಅವರ್ ಸ್ಟಾಫ್ ವರ್ಕ್ ಹಾರ್ಡ್ಲಿ. ಗೆಸ್ಟ್ಸ್ ಕಮ್ ಆಲ್ವೇಸ್ ಬ್ಯಾಕ್. ಬುಕ್ ಟುಡೇ ಓನ್ಲಿ.'

ಮೊದಲ ವಾಕ್ಯದ ಕೊನೆಯಲ್ಲಿ 'ಪ್ಲೇಸ್' ಇದೆ, ಆದ್ದರಿಂದ 'ಸಚ್ ಎ ಪೀಸ್‌ಫುಲ್ ಪ್ಲೇಸ್'. ಸುಮ್ನೆ ಅಷ್ಟಕ್ಕೇ ಬಿಡದೆ 'ದಟ್' ಸೇರಿಸಿ ಒಂದು ಕಾರಣ ಕೊಟ್ಟರೆ ಓದುವವರು ನಂಬುತ್ತಾರೆ. ಕಡುಬು 'ಪೈಪಿಂಗ್ ಹಾಟ್' ಆಗಲಿ. ಅದರ ಜೊತೆ 'ಫ್ರೆಶ್ಲಿ ಸ್ಟೀಮ್ಡ್' ಅನ್ನಬಹುದು. ಬೇಯಿಸಿದ್ದು ಕೆಲಸ, ಹಾಗಾಗಿ ಅಲ್ಲಿ 'ಲಿ' ನ್ಯಾಯವಾಗಿಯೇ ಬಂದಿದೆ. 'ಟೂ ಟೇಸ್ಟಿ' ಹೋಗಿ 'ಡೆಲಿಶಸ್' ಬರಲಿ, 'ವೆರಿ' ಬೇಕಿಲ್ಲ. ವಾಸನೆಗೆ 'ಈಸ್' ಪರೀಕ್ಷೆ ಮಾಡಿದರೆ 'ನೈಸ್' ಉಳಿಯುತ್ತದೆ, ಆದರೆ 'ಡೆಲಿಶಸ್' ಅಂದ ಮೇಲೆ ಅದನ್ನು ಬಿಟ್ಟರೂ ನಷ್ಟವಿಲ್ಲ. 'ಹಾರ್ಡ್ಲಿ'ಯ ಬಾಲ ಕತ್ತರಿಸಿ, ಇಲ್ಲವೇ ಕೆಲಸದವರಿಗೆ ಅನ್ಯಾಯ. 'ಆಲ್ವೇಸ್' ಕ್ರಿಯಾಪದಕ್ಕಿಂತ ಮೊದಲು ಬರಲಿ. ಬಂದವರೆಲ್ಲ ಪ್ರತಿ ಸಲ ವಾಪಸ್ ಬರುತ್ತಾರೆ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯ್ತು, ಹಾಗಾಗಿ 'ಆಫನ್' ಮಾಡೋಣ. ಕೊನೆಯ 'ಓನ್ಲಿ' ಅಪಾಯದ್ದು. 'ಇವತ್ತು ಮಾತ್ರ ಬುಕ್ ಮಾಡಿ' ಅಂತ ಓದಿಕೊಂಡವರು ನಾಳೆ ಫೋನ್ ಮಾಡುವುದೇ ಇಲ್ಲ.

'ಅವರ್ ಹೋಂಸ್ಟೇ ಈಸ್ ಸಚ್ ಎ ಪೀಸ್‌ಫುಲ್ ಪ್ಲೇಸ್ ದಟ್ ಯು ಕ್ಯಾನ್ ಹಿಯರ್ ದ ಸ್ಟ್ರೀಮ್ ಅಟ್ ನೈಟ್. ವೀ ಸರ್ವ್ ಫ್ರೆಶ್ಲಿ ಸ್ಟೀಮ್ಡ್ ಕಡುಬು, ಪೈಪಿಂಗ್ ಹಾಟ್. ದ ಫುಡ್ ಈಸ್ ಡೆಲಿಶಸ್, ಅಂಡ್ ಅವರ್ ಸ್ಟಾಫ್ ವರ್ಕ್ ಹಾರ್ಡ್. ಗೆಸ್ಟ್ಸ್ ಆಫನ್ ಕಮ್ ಬ್ಯಾಕ್. ಬುಕ್ ಟುಡೇ.'